ಎರಡು ದಡದ ಹಲಗೆಗಳು

೨೦೨೧ರಲ್ಲಿ ನನಗೆ ನಲವತ್ತೆಂಟು ವರ್ಷ; ಆಗಿನ್ನೂ ನಾನು ಶಾಲೆಯ ಮಾಸ್ತರಿಕೆಯನ್ನು ಬಿಟ್ಟಿರಲಿಲ್ಲ. ಮೊನ್ನೆ ಪಂಚಾಯತಿಯ ಗೋದಾಮಿನ ಬಾಗಿಲು ತೆರೆದಾಗ ಗೇರುಬೀಜದ ಸಿಪ್ಪೆಯೆಣ್ಣೆಯ ಘಾಟು ಮೂಗಿಗೆ ಬಡಿಯಿತು. ಆ ವರ್ಷದ ಹಲಗೆಯಜ್ಜ ಕಣ್ಣೆದುರು ನಿಂತರು.

ನಮ್ಮ ಹೊಳೆಯ ಈಚೆ ದಡ ಕುಂದಾಪುರ ತಾಲ್ಲೂಕು, ಆಚೆ ದಡ ಬ್ರಹ್ಮಾವರ. ಮಳೆಗಾಲ ಕಳೆದ ಮೇಲೆ ನಡುವಿನ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದರೆ ಸಿಹಿನೀರು ನಿಲ್ಲುತ್ತದೆ. ತಡವಾದರೆ ಉಬ್ಬರದೊಡನೆ ಉಪ್ಪುನೀರು ಏರಿಬಂದು ಎರಡೂ ದಡದ ಬಾವಿಗಳು ಕೆಡುತ್ತವೆ. ಆಗ ಆ ಹಲಗೆಗಳನ್ನು ಹಾಕುವವರೂ, ತೆಗೆದು ಎಣ್ಣೆ ಸವರಿ ಕಾಪಾಡುವವರೂ ಅಜ್ಜನೇ. ನಮ್ಮ ಪಂಚಾಯತಿಗೆ ಬೇಗ ಮುಚ್ಚುವ ಆತುರ. ಆಚೆಯವರಿಗೆ ತಗ್ಗಿನ ಗದ್ದೆಗಳ ಕೊಯ್ಲು ಮುಗಿಯುವವರೆಗೆ ನೀರು ನಿಲ್ಲಬಾರದು. ೨೦೨೦ರಲ್ಲಿ ನಮ್ಮವರು ಹಾಕಿಸಿದ ಹಲಗೆಗಳನ್ನು ಅವರು ಕಿತ್ತರು. ಆ ಬೇಸಗೆಯಲ್ಲಿ ಅಜ್ಜನ ಬಾವಿಯ ನೀರಿನಲ್ಲಿ ಅನ್ನ ಬೇಯಿಸುವಂತಿರಲಿಲ್ಲ...

ಮರುವರ್ಷ ಮಳೆ ನಿಲ್ಲುತ್ತಲೇ ಅಜ್ಜ ನನ್ನನ್ನು ಕರೆಸಿ, ಹಲಗೆಗಳಿಗೆಲ್ಲ ಟಾರಿನಲ್ಲಿ ಕ್ರಮಸಂಖ್ಯೆ ಬರೆಯಿಸಿದರು. ಬೆಸಸಂಖ್ಯೆಯವು ನಮ್ಮ ಗೋದಾಮಿಗೆ, ಸಮಸಂಖ್ಯೆಯವು ಆಚೆಯದಕ್ಕೆ. ಒಬ್ಬರ ಅರ್ಧದಿಂದ ಅಣೆಕಟ್ಟು ಮುಚ್ಚದು. ಕೊಯ್ಲಿನ ಹೊತ್ತಿಗೆ ಇಬ್ಬರು ಅಧ್ಯಕ್ಷರನ್ನೂ ಅಣೆಕಟ್ಟಿನ ಮೇಲೆ ಕೂಡಿಸಿದರು.

“ಎಂತ ಅಜ್ಜಯ್ಯ, ನಮ್ ಮೇಲೆ ನಂಬ್ಕಿ ಇಲ್ಯಾ?” ಎಂದರು ನಮ್ಮ ಅಧ್ಯಕ್ಷರು.

“ಇತ್ತ್, ಈಗ್ಳೂ ಇತ್ತ್. ಅದ್ಕೇ ಅರ್ಧ ಕೊಟ್ಟದ್.”

ಆಚೆಯ ಅಧ್ಯಕ್ಷೆ ನಕ್ಕರು. “ಹಂಗಾರೆ ನಮ್ ಕೊಯ್ಲ್ ಮುಗಿಯು ತನ್ಕ ಇವ್ರ್ ಕಾಯ್ಕ್.”

“ಕಾಯೂದ್ ಎಂತಕ್ಕೆ? ಕೊಯ್ಲ್ ಕತ್ತಿ ಹಿಡ್ಕಂಡ್ ಬಪ್ಪುಕೆ ಹೇಳಿ,” ಎಂದರು ಅಜ್ಜ.

ನಮ್ಮ ದಡದವರು ಹೊಳೆ ದಾಟಿ ಆಚೆಯ ಗದ್ದೆಗಳಿಗೆ ಇಳಿದರು. ನಾನೂ ರಜೆ ಹಾಕಿ ಹೋದೆ. ನಾನು ಕಟ್ಟಿದ ಪೈರಿನ ಸೂಡಿ ಎತ್ತುವ ಮೊದಲೇ ಬಿಚ್ಚಿಕೊಂಡಾಗ, “ಮಾಷ್ಟ್ರೇ, ನೀವ್ ನಂಬ್ರ್ ಬರಿಯೂಕೇ ಸೈ,” ಎಂದು ಅಜ್ಜ ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಮೂರು ದಿನಗಳಲ್ಲಿ ಕೊಯ್ಲು ಮುಗಿಯಿತು. ನಾಲ್ಕನೆಯ ದಿನ ಆಚೆಯ ಹಲಗೆಗಳು ಟೆಂಪೋದಲ್ಲಿ ಬಂದವು. ನಮ್ಮದೊಂದು, ಅವರದೊಂದು... ಅಜ್ಜ ಸಂಖ್ಯೆಯನ್ನು ಕೇಳಿ ಕೇಳಿ ಕಿಂಡಿಗೆ ಇಳಿಸಿದರು. ಮುಂದಿನ ಮೇ ತಿಂಗಳಲ್ಲಿಯೂ ಎರಡೂ ದಡದ ಬಾವಿಗಳ ನೀರು ಸಿಹಿಯಾಗಿತ್ತು. ಆ ಕ್ರಮ ಇಂದಿಗೂ ತಪ್ಪಿಲ್ಲ. ಆ ಹಲಗೆಗಳ ಮೇಲಿನ ಅಂಕೆಗಳು ನನ್ನವೆಂಬ ಹೆಮ್ಮೆಯನ್ನು ನಾನು ಮುಚ್ಚಿಡಲಾರೆ.

ಅಜ್ಜ ತೀರಿಕೊಂಡು ಎರಡು ವರ್ಷಗಳಾದವು. ಮೊನ್ನೆ ಹೊಸಬರೊಬ್ಬರು ಹಲಗೆಗಳಿಗೆ ಎಣ್ಣೆ ಸವರುತ್ತಿದ್ದರು. ಅಚ್ಚುಕಟ್ಟಾಗಿಯೇ ಸವರುತ್ತಿದ್ದರು, ಆದರೂ ನನ್ನ ಕಣ್ಣು ಬೇರೊಂದು ಕೈಯನ್ನು ಹುಡುಕಿತು... ಒಂದನೆಯ ಹಲಗೆಯನ್ನು ಮಗುಚಿ, ಎರಡೂ ದಡದವರು ಕೂಡಿ ಅಣೆಕಟ್ಟು ಮುಚ್ಚಿದ ದಿನ ಅಜ್ಜ ಹೇಳಿ ಬರೆಯಿಸಿದ್ದನ್ನು ಬೆರಳಿಟ್ಟು ಓದಿದೆ: ೨೦೨೧ರ ಡಿಸೆಂಬರ್ ೮, ಬುಧವಾರ.