ತವನಪ್ಪ ಕಾಕಾ ಆರಿಸಿಕೊಟ್ಟ ಖೀಮಾ ಮಶೀನು

ತವನಪ್ಪ ಕಾಕಾ ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಹಾರೂಗೇರಿ ಬಜಾರಿನ ಅವರ ಭಾಂಡೆ-ಪಾತ್ರೆ ಅಂಗಡಿಗೆ ಹೋಗಿ ಯಾರೇ ಏನೇ ಕೇಳಲಿ, ಮೊದಲ ಮಾತು ಒಂದೇ: "ಕೈ ಮುಂದ ಮಾಡು." ಅಂಗೈ, ಬೆರಳು, ಮಣಿಕಟ್ಟು ನೋಡಿ ಆಮೇಲೆ ಸಾಮಾನು ಇಳಿಸುವರು. ಹೊಸದಾಗಿ ಸಂಸಾರ ಹೂಡಿದ ಹುಡುಗಿಯೊಬ್ಬಳು ದೊಡ್ಡ ಕುಕ್ಕರಿಗೆ ಹಟ ಹಿಡಿದಾಗ, "ತುಂಬಿದ ಮ್ಯಾಲ ಇದನ್ನ ನೀ ಎತ್ತತಿಯೋ, ನಿನ್ನ ಗಂಡ ಎತ್ತತಾನೋ? ಅವನ್ನ ಕರಕೊಂಡ ಬಾ, ಅವನ ಕೈ ನೋಡತೀನಿ" ಎಂದು ವಾಪಸ್ಸು ಕಳಿಸಿದ್ದನ್ನು ನಾನೇ ಕಂಡಿದ್ದೇನೆ. ವ್ಯಾಪಾರಕ್ಕೆ ಕೂತವರು ಹೀಗೂ ಇರುತ್ತಾರೆಯೇ ಎಂದು ನಗು ಬರುತ್ತಿತ್ತು.

ಎಂಬತ್ತರ ಹತ್ತಿರದ ಮನುಷ್ಯ. ಬಿಳಿ ಧೋತರ, ಬಿಳಿ ಟೊಪ್ಪಿಗೆ. ಜೈನರಾದ್ದರಿಂದ ಹೊತ್ತು ಮುಳುಗುವ ಮುನ್ನ ಉಣ್ಣಬೇಕು. ಸಂಜೆ ಅಂಗಡಿಯಲ್ಲಿ ಎಷ್ಟೇ ಜನರಿರಲಿ, "ಏಳ್ರಿ ಏಳ್ರಿ, ಸೂರ್ಯಾ ನಿಮ್ಮ ಸಲುವಾಗಿ ನಿಲ್ಲೂದಿಲ್ಲ" ಎಂದು ಎಬ್ಬಿಸಿಬಿಡುವರು. ಅವರ ಅಂಗಡಿಯಲ್ಲಿ ಶ್ಯಾವಿಗೆ ಮಣೆಯಿಂದ ಹಿಡಿದು ಹಂಡೆಯವರೆಗೆ ಎಲ್ಲ ಇತ್ತು. ಮಾಂಸಕ್ಕೆ ಬೇಕಾಗುವ ಒಂದೇ ಒಂದು ಸಾಮಾನು ಇರಲಿಲ್ಲ. ಕೇಳಿದವರ ಮೇಲೆ ಸಿಟ್ಟಾಗುತ್ತಿರಲಿಲ್ಲ, "ಅದು ನಮ್ಮಲ್ಲಿ ಸಿಗೂದಿಲ್ರಿ" ಎಂದು ಕೈ ಮುಗಿಯುತ್ತಿದ್ದರು.

ನಾನು ಅದೇ ಬಜಾರಿನ ಅಂಚೆ ಕಚೇರಿಯಲ್ಲಿ ಕೆಲಸಕ್ಕಿರುವವಳು. ನಮ್ಮದು ಬೌದ್ಧರಾದ ದಲಿತರ ಮನೆ. ಅಪ್ಪ ಕಾಶಪ್ಪ ಹರೆಯದಲ್ಲಿ ಕಬ್ಬು ಕಡಿದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವನು. ಜೀವಮಾನವಿಡೀ ತಂಬಾಕು ಹಾಕಿದ್ದಕ್ಕೆ ದವಡೆಯಲ್ಲಿ ಗಡ್ಡೆಯಾಯಿತು. ಮಿರಜಿನಲ್ಲಿ ಆಪರೇಶನ್ ಮಾಡಿ ದವಡೆಯ ಒಂದು ತುಂಡು ತೆಗೆದರು, ಉಳಿದ ಹಲ್ಲನ್ನೂ ಕಿತ್ತರು. ಮನೆಗೆ ಬಂದ ಮೇಲೆ ಅಪ್ಪ ದಿನದಿನಕ್ಕೆ ಇಳಿಯತೊಡಗಿದ. ತೂಕ ಏರದಿದ್ದರೆ ಮೂಗಿನಲ್ಲಿ ನಳಿಗೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು. ಅಪ್ಪ ಹೊರಗೆ ಬಂದು, "ನಳಿಗಿ ಹಾಕಿಸ್ಕೊಂಡು ನಾ ಬದುಕೂದಿಲ್ಲ, ಹೇಳೇನಿ ನೋಡು" ಎಂದ. ಸುಮ್ಮನೆ ಅನ್ನುವ ಆಸಾಮಿ ಅಲ್ಲ ಅವನು.

ಅವನಿಗೆ ಬೇಕೆನಿಸುತ್ತಿದ್ದುದು ಮಟನ್ ಒಂದೇ. ಮಟನ್ ಅಂಗಡಿಯಲ್ಲಿ ಸಣ್ಣಗೆ ಕೊಚ್ಚಿಸಿದ ಖೀಮಾ ತಂದೆ. ಅದರಲ್ಲಿದ್ದ ಎಲುಬಿನ ಚೂರು ಹೊಲಿಗೆ ಹಾಕಿದ ಜಾಗಕ್ಕೆ ಚುಚ್ಚಿ ರಕ್ತ ಬಂತು. ಮನೆಯಲ್ಲೇ ಮಿಕ್ಸರಿಗೆ ಹಾಕಿದೆ. ಅಂಟಂಟು ಹಿಟ್ಟಾಯಿತು. "ಇದೇನ್ ಮಟನ್ನೋ, ಪೋಸ್ಟಿನ ಗೋಂದೋ?" ಎಂದು ತಾಟು ಸರಿಸಿದ. ಎಲುಬು ತೆಗೆದ ಮಾಂಸವನ್ನು ಮನೆಯಲ್ಲೇ ಮಶೀನಿನಲ್ಲಿ ತಿರುವಿದರೆ ಮೆತ್ತಗೂ ಇರುತ್ತದೆ, ಹದವೂ ಕೆಡುವುದಿಲ್ಲ ಎಂದು ಯಾರೋ ಹೇಳಿದರು. ಆದರೆ ಎಂಥ ಮಶೀನು? ಸಾಮಾನು ಆರಿಸುವುದು ಗೊತ್ತಿದ್ದ ಮನುಷ್ಯ ನನಗೆ ಒಬ್ಬರೇ.

ಅಲ್ಲಿ ನಾನು ಹೆಡ್ಡತನ ಮಾಡಿದೆ. ಆ ಟೊಪ್ಪಿಗೆಯ ಮುಂದೆ ನಿಂತು ಮಾಂಸದ ಮಾತೆತ್ತಲು ನಾಲಿಗೆ ಏಳಲಿಲ್ಲ. "ಬ್ಯಾಳಿ ಅರಿಯಾಕ ಒಂದ ಕೈಮಶೀನ್ ಬೇಕಾಗಿತ್ತ್ರಿ ಕಾಕಾ" ಎಂದೆ. ಅವರು ಒಳಗಿನಿಂದ ನೆನೆಸಿದ ಕಡಲೆಬೇಳೆ ತರಿಸಿ, ಮೂರು ಮಶೀನುಗಳಲ್ಲಿ ತಿರುವಿ, ಬೆರಳಲ್ಲಿ ತಿಕ್ಕಿ ನೋಡಿ ಒಂದನ್ನು ಕೊಟ್ಟರು. ಬೇಳೆಗೆ ಅದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಮಾಂಸ ಹಾಕಿದರೆ ನರಗಳೆಲ್ಲ ಒಳಗಿನ ಸ್ಕ್ರೂವಿಗೆ ಸುತ್ತಿಕೊಂಡು ಹಿಡಿಕೆ ನಿಂತೇ ಹೋಯಿತು. ಅಪ್ಪ ಆ ದಿನವೂ ಗಂಜಿ ಕುಡಿದು ಮಲಗಿದ.

ಮರುದಿನ ಸಿಟ್ಟಿನಿಂದಲೇ ಅದನ್ನು ಒಯ್ದು ಅವರ ಮುಂದಿಟ್ಟೆ. ತಪ್ಪು ನನ್ನದು, ಸಿಟ್ಟು ಅವರ ಮೇಲೆ! ಕಾಕಾ ಮಶೀನು ಬಿಚ್ಚಿದರು. ನಾನು ಎಷ್ಟು ತೊಳೆದಿದ್ದರೂ ಸ್ಕ್ರೂವಿನ ಬುಡದಲ್ಲಿ ಒಂದು ಬಿಳಿ ನರ ಉಳಿದಿತ್ತು. ಅದನ್ನು ನೋಡಿದರು. ಎದ್ದು ಒಳಗೆ ಹೋದರು, ಕೈ ತೊಳೆಯುವ ಸದ್ದು ಕೇಳಿಸಿತು. ತೊಳೆದದ್ದು ಮಾಂಸವನ್ನೋ ನನ್ನನ್ನೋ ಎಂದುಕೊಂಡೆ. ನಮ್ಮಂಥವರಿಗೆ ಆ ಅನುಮಾನ ಬೇಗ ಬರುತ್ತದೆ.

ಹೊರಗೆ ಬಂದವರು ಎದುರಿನ ಸ್ಟೂಲು ತೋರಿಸಿದರು. "ಕುಂದ್ರು. ಯಾರ ಸಲುವಾಗಿ?"

ಎಲ್ಲ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ.

"ಅಲ್ಲ ಯವ್ವಾ, ಸುಳ್ಳ ಹೇಳಿದರ ನಾ ಸಾಮಾನ ಹೆಂಗ ಆರಸಲಿ? ನನ್ನ ಧರ್ಮ ನನ್ನ ತಾಟಿನ್ಯಾಗ ಐತಿ. ನಿಮ್ಮಪ್ಪನ ತಾಟಿನ್ಯಾಗ ಕೈ ಹಾಕಾಕ ನಾ ಯಾರು?" ಮಶೀನು ಬದಿಗೆ ಸರಿಸಿ ಮತ್ತೆ ಅಂದರು: "ನಾ ಅದನ್ನ ಮಾರೂದಿಲ್ಲ. ಆದ್ರ ಆರಿಸಿ ಕೊಡತೀನಿ. ರವಿವಾರ ಮಿರಜಿಗೆ ಹೋಗೂಣು."

ಅದಕ್ಕೂ ಮೊದಲು ಅವರು ಮಾಡಿದ ಕೆಲಸ ಬಜಾರಿಗೆಲ್ಲ ಸುದ್ದಿಯಾಯಿತು. ಮಟನ್ ಅಂಗಡಿಯ ಎದುರಿಗೆ, ರಸ್ತೆಯ ಈಚೆ ಬದಿಯಲ್ಲಿ ನಿಂತು, ಅಂಗಡಿಯವನನ್ನು ಕೂಗಿ ಕರೆದು, ಮಾಂಸ ಮಶೀನಿನಲ್ಲಿ ಯಾಕೆ ಸಿಕ್ಕಿಕೊಳ್ಳುತ್ತದೆಂದು ಅರ್ಧ ತಾಸು ಕೇಳಿ ತಿಳಿದುಕೊಂಡರಂತೆ. "ಏನ್ರಿ ಕಾಕಾ, ಧಂದೆ ಬದಲ ಮಾಡಾಕತ್ತೀರೇನು?" ಎಂದು ಹೋಗಿಬರುವವರು ಕಾಡಿದರಂತೆ. "ಕಲಿಯಾಕತ್ತೇನಿ, ಸುಮ್ನ ಹೋಗ್ರಿ" ಎಂದರಂತೆ ಇವರು.

ಭಾನುವಾರ ಕಾಗವಾಡದ ಮೇಲಿನ ಬಸ್ಸು ಹಿಡಿದು ಮಿರಜಿಗೆ ಹೋದೆವು. ಅಲ್ಲಿನ ಭಾಂಡೆ ಅಂಗಡಿಯಲ್ಲಿ ಅವರ ಗತ್ತು ನೋಡಬೇಕಿತ್ತು. ಮಿಣಿಮಿಣಿ ಮಿಂಚುತ್ತಿದ್ದ ಒಂದು ಮಶೀನಿಗೆ ನಾನು ಕೈ ಚಾಚಿದೆ. "ಹೊಳಪು ನೋಡಿ ಮದವಿ ಆಗಬ್ಯಾಡ" ಎಂದು ಸರಿಸಿದರು. ಒಂದೊಂದು ಮಶೀನಿನ ಬ್ಲೇಡನ್ನೂ ಅದರ ತೂತಿನ ಬಿಲ್ಲೆಗೆ ಹಚ್ಚಿ ಬಾಗಿಲ ಬೆಳಕಿಗೆ ಹಿಡಿದರು. "ನಡುವ ಬೆಳಕ ಹಾಯತೈತೇನು ನೋಡು. ಹಾಯ್ತು ಅಂದ್ರ ನರ ಅಲ್ಲೇ ಸಿಗತೈತಿ. ಎರಡೂ ಗಚ್ಚಾಗಿ ಕೂಡಬೇಕು." ಐದನೆಯದರಲ್ಲಿ ಬೆಳಕು ಹಾಯಲಿಲ್ಲ. ದಪ್ಪ ತೂತಿನ ಬಿಲ್ಲೆ, ಸಣ್ಣ ತೂತಿನ ಬಿಲ್ಲೆ ಎರಡೂ ಇದ್ದವು, ಮೇಜಿಗೆ ಬಿಗಿಯುವ ಹಿಡಿ ಗಟ್ಟಿಯಿತ್ತು. ಅದನ್ನೇ ಕಟ್ಟಿಸಿದರು. ಮಾಂಸವನ್ನು ಉದ್ದುದ್ದ ಹೆಚ್ಚಿ ಫ್ರಿಜ್ಜಿನಲ್ಲಿ ಗಡುಸಾಗುವತನಕ ಇಡಬೇಕು, ಮೊದಲು ದಪ್ಪ ಬಿಲ್ಲೆ, ಆಮೇಲೆ ಸಣ್ಣದು ಎಂದು ಕಲಿತು ಬಂದದ್ದನ್ನೆಲ್ಲ ಹೇಳಿಕೊಟ್ಟರು. ಅದನ್ನು ಹೇಳುವಾಗ ಅವರಿಗೆ ಎಷ್ಟು ಕಷ್ಟವಾಗುತ್ತಿತ್ತೆಂದು ಮುಖದಲ್ಲೇ ಕಾಣುತ್ತಿತ್ತು.

ಮರುದಿನ ಅವರು ಪ್ರಾಯಶ್ಚಿತ್ತಕ್ಕೆಂದು ಹನಿ ನೀರೂ ಮುಟ್ಟದೆ ಉಪವಾಸ ಮಾಡಿದರೆಂದು ಅವರ ಸೊಸೆಯಿಂದ ತಿಳಿಯಿತು. ನಾನು ಓಡಿಹೋಗಿ ತಪ್ಪಾಯ್ತೆಂದೆ. "ಉಪಾಸ ನಂದು, ನಿಂದಲ್ಲ. ನಿಮ್ಮಪ್ಪ ಉಂಡನೋ ಇಲ್ಲೋ, ಅದನ್ನ ಹೇಳು."

ಅಪ್ಪ ಉಂಡಿದ್ದ. ಹಾಲಿನಲ್ಲಿ ನೆನೆಸಿದ ರೊಟ್ಟಿಯ ಜೊತೆ ಒಂದು ಬಟ್ಟಲು ಖೀಮಾ ಉಂಡು, ಇನ್ನೂ ಐತೇನು ಎಂದು ಕೇಳಿದ್ದ. ನಳಿಗೆಯ ಮಾತು ಮತ್ತೆ ಬರಲಿಲ್ಲ.

ಹೋದ ಬೇಸಿಗೆಯಲ್ಲಿ ಕಾಕಾ ಹಾಸಿಗೆ ಹಿಡಿದರು. ಇನ್ನು ಔಷಧಿಯಿಂದ ಆಗುವುದೇನಿಲ್ಲ ಎಂದಾದಾಗ, ಗುರುಗಳ ಮತ್ತು ಮನೆಯವರ ಒಪ್ಪಿಗೆ ಪಡೆದು ಸಲ್ಲೇಖನ ತೆಗೆದುಕೊಂಡರು. ಅನ್ನ, ಹಾಲು, ಕೊನೆಗೆ ನೀರು ಎಂದು ಒಂದೊಂದೇ ಬಿಟ್ಟು ಶಾಂತವಾಗಿ ಹೋಗುವ ಅವರ ಧರ್ಮದ ವ್ರತ ಅದು. ಸತ್ತಿ, ಅಥಣಿ ಊರುಗಳಿಂದ ಜನ ದರ್ಶನಕ್ಕೆ ಬರುತ್ತಿದ್ದರು. ನನಗೆ ಮಾತ್ರ ಸಿಟ್ಟು ಬಂತು. ಅಪ್ಪನ ಒಂದೊಂದು ತುತ್ತಿಗೂ ಗುದ್ದಾಡಿದವಳು ನಾನು. ಆ ತುತ್ತು ಒಳಗಿಳಿಯುವಂತೆ ಮಾಡಿದ ಮನುಷ್ಯನೇ ತುತ್ತು ಬಿಡುವುದೆಂದರೇನು? "ಅವರದು ಅವರಿಗೆ ಗೊತ್ತೈತಿ, ನಡಿ" ಎಂದ ಅಪ್ಪ.

ನಾವು ಹೋದಾಗ ಕಾಕಾ ಚಾಪೆಯ ಮೇಲೆ ಒರಗಿದ್ದರು. ಕಣ್ಣು ಮಾತ್ರ ಮೊದಲಿನ ಹಾಗೇ ಇದ್ದವು. ಅಪ್ಪನನ್ನು ನೋಡಿ, ಮನೆಗೆ ಬಂದವರನ್ನು ಎಲ್ಲರೂ ಕೇಳುವ ಮಾತನ್ನೇ ಕೇಳಿದರು: "ಊಟ ಆತೇನ್ ಕಾಶಪ್ಪಾ?"

"ಇಲ್ರಿ ಸಾವಕಾರ್ರ. ನೀವು ಹಿಂಗ ಮಲಗಿರುವಾಗ ನಾ ಹೆಂಗ ಉಣ್ಣಲ್ರಿ? ಎರಡ ದಿನದಿಂದ ಮನಸ್ಸ ಬರವಲ್ದು."

ಕಾಕಾ ಉಸಿರು ಒಟ್ಟುಗೂಡಿಸಿಕೊಂಡು ಅಂದರು: "ನಂದು ಮುಗದೈತಿ, ಬಿಟ್ಟೇನಿ. ನಿಂದು ಮುಗದಿಲ್ಲ. ಉಣ್ಣು."

ಮೂರನೆಯ ದಿನ ಮಧ್ಯಾಹ್ನ ಅವರು ಹೋದ ಸುದ್ದಿ ಬಂದಾಗ ಅಪ್ಪ ತಾಟಿನ ಮುಂದೆ ಕೂತಿದ್ದ. ಕೈಯಲ್ಲಿದ್ದ ತುತ್ತು ಕೆಳಗಿಟ್ಟ. ಇನ್ನೆಲ್ಲಿ ಉಣ್ಣುತ್ತಾನೆಂದು ನಾನು ತಾಟು ತೆಗೆಯಲು ಬಾಗಿದೆ. ಅಪ್ಪ ನನ್ನ ಕೈ ಹಿಡಿದ.

"ಇರಲಿ ಬಿಡವ್ವಾ. ಉಣ್ಣು ಅಂದಾರ."

ಹಲ್ಲಿಲ್ಲದ ಬಾಯಲ್ಲಿ ಮೆಲ್ಲಗೆ ನುರಿಸುತ್ತ, ಗಲ್ಲದ ಮೇಲಿಂದ ಇಳಿಯುವ ಕಣ್ಣೀರನ್ನು ಒರೆಸಿಕೊಳ್ಳದೆ, ಅಪ್ಪ ತಾಟು ಬರಿದಾಗುವತನಕ ಉಂಡ.