ಕುದುರೆಗೆ ಶುಕ್ರವಾರದ ಎಣ್ಣೆ

ಟಕ್, ಟಕ್, ಟಕ್, ಆಮೇಲೆ ಸರ್ರ್. ಎಪ್ಪತ್ತರ ದಶಕದ ಆ ಚಳಿಗಾಲದಲ್ಲಿ ಕಾಶಿಯ ಶಿವಾಲ ಮೊಹಲ್ಲೆಯ ನಮ್ಮ ಮನೆ ಮುಂದೆ ಕನ್ನಡದವರ ಮಠದ ಟಾಂಗಾ ಹೋಗುತ್ತಿದ್ದ ಸದ್ದು ಇದು. ಕುದುರೆಯ ಹಿಂಗಾಲೊಂದು ಎಳೆಯುತ್ತಿತ್ತು.

ಮಠದ ಮ್ಯಾನೇಜರಿಗೆ ಜೀಪಿನ ಆಸೆ. ಸೋಮವಾರದೊಳಗೆ ಕುದುರೆ ನೆಟ್ಟಗೆ ನಡೆಯದಿದ್ದರೆ ಸಾರನಾಥದ ರೈತನಿಗೆ ಮಾರುವುದೆಂದು ಹೇಳಿಬಿಟ್ಟಿದ್ದರು. ಟಾಂಗಾದ ಮುದುಕ ಧಾರವಾಡದ ಕಡೆಯವನು. ಕಾಶಿಯಲ್ಲಿ ಅವನಿಗೆ ಆ ಹೆಣ್ಣುಕುದುರೆ ಬಿಟ್ಟರೆ ಯಾರೂ ಇರಲಿಲ್ಲ. ಮಿಲಿಟರಿ ಕುದುರೆಗಳಿಗೆ ಮಾಲೀಶು ಮಾಡಿ ರಿಟೈರ್ ಆದವನೊಬ್ಬನನ್ನು ಕಂಟೋನ್ಮೆಂಟಿನಲ್ಲಿ ಹುಡುಕಿ, ಶುಕ್ರವಾರ ಬೆಳಿಗ್ಗೆ ಕುದುರೆಯನ್ನು ನಮ್ಮ ಬಾಗಿಲಲ್ಲಿ ಕಟ್ಟಿ, ನನಗೆ ಒಪ್ಪಿಸಿ, ಅವನನ್ನು ಕರೆತರಲು ಹೊರಟ.

"ಧೂಳು ಹೋಗೂ ಹಂಗ ಬ್ರಷ್ ಮಾಡ್ರಿ, ಸ್ವಲ್ಪ ಅಡ್ಡಾಡಸ್ರಿ. ಮೈ ಮಾತ್ರ ಒಣಗಿರಬೇಕಂತ. ನೀವು ಇಂಗ್ಲಿಷ್ ಓದಿದವರು ಅಕ್ಕಾರ, ನಿಮಗ ತಿಳೀತದ."

ನನ್ನ ಕ್ವಾಲಿಫಿಕೇಶನ್ ಎಂದರೆ, ಕಾನ್ವೆಂಟಿನ ಪಿಕ್ನಿಕ್ಕಿನಲ್ಲಿ ಊಟಿಯ ಪೋನಿಯ ಮೇಲೆ ಹತ್ತು ನಿಮಿಷ ಕೂತಿದ್ದು. ಆದರೂ "ಗುಡ್ ಗರ್ಲ್" ಅನ್ನುತ್ತಾ ಶ್ರದ್ಧೆಯಿಂದ ಬ್ರಷ್ ಮಾಡಿದೆ.

ಅಷ್ಟರಲ್ಲಿ ನಮ್ಮತ್ತೆ, ಮಠದ ನಾಲ್ವರು ವಿಧವೆಯರ ಜೊತೆ, ಬಿಸಿ ಎಳ್ಳೆಣ್ಣೆಯ ತಂಬಿಗೆ ಹಿಡಿದು ಬಂದರು. ಅವರೂ ವಿಧವೆಯೇ.

"ಹೆಣ್ಣು ಜೀವ, ಶುಕ್ರವಾರ ಬೇರೆ. ಎಣ್ಣೆ ಕಾಣದ ಮಾಲೀಶು ಯಾವೂರದ್ದೇ?"

"ಡ್ರೈ ಆಗಿರಬೇಕಂತೆ, ಅತ್ತೆ."

"ನಿಮ್ಮ ಕಾನ್ವೆಂಟಿನ ಮದರುಗಳು ಎಷ್ಟು ಬಾಣಂತನ ಮಾಡಿದ್ರೋ?"

ಅಲ್ಲಿ ಮುತ್ತೈದೆ ನಾನೊಬ್ಬಳೇ. ಮೊದಲ ಎಣ್ಣೆ ನಾನೇ ಇಡಬೇಕು. ನಾನು ಒಲ್ಲೆ ಅಂದಿದ್ದರೆ ಶಾಸ್ತ್ರವೇ ನಿಂತುಹೋಗುತ್ತಿತ್ತು. ಒಂದು ನಿಮಿಷ ಪ್ರಿನ್ಸಿಪಲ್ಸ್ ಬಗ್ಗೆ ಯೋಚಿಸಿದೆ. ಆಮೇಲೆ ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಕುದುರೆಯ ನೆತ್ತಿಗೆ ಮುಟ್ಟಿಸಿದೆ. ಗರಿಕೆಯನ್ನು ಅದು ತಿಂದುಬಿಟ್ಟಿತು. ಶುಭಶಕುನವೆಂದು ಎಲ್ಲರಿಗೂ ಸಮಾಧಾನವಾಯಿತು. ಐದು ಜೊತೆ ಕೈಗಳು, ಹಾಡು ಬೇರೆ. ಮದುವಣಗಿತ್ತಿಗೂ ಅಷ್ಟು ಎಣ್ಣೆ ಇಳಿಸಿದ್ದನ್ನು ನಾನು ಕಂಡಿಲ್ಲ.

ಮಾಲೀಶಿನವನು ಮುದುಕನ ಜೊತೆ ಬಂದು ಕುದುರೆಯ ಸೊಂಟದ ಮೇಲೆ ಅಂಗೈ ಊರಿದ. ಅದು ಜಾರಿ ಬಾಲಕ್ಕೆ ಹೋಯಿತು.

"ಬಹೂಜಿ," ಎಂದು ಹಿಂದಿಯಲ್ಲಿ ಕೇಳಿದ, "ಮಾಲೀಶ್ ಮಾಡಲೋ, ಪಕೋಡಿ ಕರಿಯಲೋ?"

ಆ ಜಿಡ್ಡಿನಲ್ಲಿ ಸ್ನಾಯುವಿನ ಗಂಟು ಎಲ್ಲಿದೆಯೆಂದು ಬೆರಳಿಗೆ ಸಿಗಲಿಲ್ಲ. ತೊಳೆದರೆ ಈ ಚಳಿಗೆ ಕಾಲು ಇನ್ನೂ ಬಿಗಿಯುತ್ತದೆ, ಮುಂದಿನ ಶುಕ್ರವಾರ ನೋಡೋಣ ಎಂದು ಹೊರಟುಹೋದ. ಅತ್ತೆ ನನ್ನ ಕಡೆ ತಿರುಗಿ, "ನೀನಾದರೂ ಗಟ್ಟಿಯಾಗಿ ಹೇಳಬಾರದಿತ್ತೇನೆ?" ಎಂದರು. ಮುದುಕ ಹಗ್ಗ ಬಿಚ್ಚಿ ಕುದುರೆಯನ್ನು ಮಠಕ್ಕೆ ಕರೆದೊಯ್ದ.

ಮ್ಯಾನೇಜರು ಮುಂದಿನ ಶುಕ್ರವಾರದವರೆಗೆ ಕಾಯಲಿಲ್ಲ. ಸೋಮವಾರ ಬೆಳಿಗ್ಗೆ ಮುದುಕನೇ ಕುದುರೆಯನ್ನು ಸಾರನಾಥಕ್ಕೆ ನಡೆಸಿಕೊಂಡು ಹೊರಟ. ನಾನು ಬಾಗಿಲಿಗೆ ಓಡಿಹೋಗಿ, ಬಾಯಿಗೆ ಬೇರೇನೂ ಬರದೆ, "ಸಾರಿ" ಅಂದೆ.

"ಇರ್ಲಿ ಬಿಡ್ರಿ ಅಕ್ಕಾರ. ವಾಸನಿ ಛಲೋ ಅದ."

ಎಣ್ಣೆಗೆ ಬೀದಿಯ ಧೂಳು ಮೆತ್ತಿಕೊಂಡಿತ್ತು. ಹಗ್ಗ ಹಿಡಿದು ಪಕ್ಕದಲ್ಲೇ ನಡೆಯುತ್ತಾ, ತಲೆಗೆ ಸುತ್ತಿದ್ದ ರುಮಾಲು ಬಿಚ್ಚಿ ಅದರ ಕುತ್ತಿಗೆ ಒರೆಸುತ್ತಾ ಹೋದ. ಅವನು ಮಠಕ್ಕೆ ಮರಳಲಿಲ್ಲ. ನಾನು ಅವನನ್ನು ಕೊನೆಯ ಸಲ ಕಂಡದ್ದು ಹಾಗೆ, ಬರಿದಲೆಯಲ್ಲಿ.