ಬಾಲ್ಕನಿಯ ಎಡಗೋಡೆಯ ಸೀಟು

ನಮ್ಮ ಯಜಮಾನರು ಚಾಮರಾಜಪೇಟೆಯ ಒಂದು ಥಿಯೇಟರಿನಲ್ಲಿ ಆಪರೇಟರ್ ಆಗಿದ್ದರು. ಮೊದಲ ಎರಡು ಆಟ ಅವರದು. ಮಷೀನು ಗರಗರ ಎನ್ನುವ ಆ ಕೋಣೆಯಲ್ಲಿ ನಿಂತವರಿಗೆ ಹಾಲಿನಲ್ಲಿ ಕೂತ ಜನಕ್ಕೆ ಹೇಗೆ ಕೇಳಿಸುತ್ತಿದೆ ಎಂದು ತಿಳಿಯುವುದಿಲ್ಲ. ಅದಕ್ಕೇ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಹೊಸ ಚಿತ್ರ ಹಾಕಿದ ಶುಕ್ರವಾರ ನಾನು ಮ್ಯಾಟಿನಿಗೆ ಹೋಗಿ ಬಾಲ್ಕನಿಯ ಎಡಗೋಡೆಯ ಪಕ್ಕ ಕೂರಬೇಕು. ಸಂಜೆ ಕಾಫಿ ಕುಡಿಯುತ್ತಾ ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಮದುವೆಯಾದಾಗಿನಿಂದ ಹಾಗೇ.

ಆಮೇಲೆ ಡೌನ್‌ಲೋಡಿನ ಕಾಲ ಬಂತು. ಹಾಲು ಖಾಲಿ ಹೊಡೆಯತೊಡಗಿತು. ಚಿತ್ರ ತೆಗೆಯುವವರೂ ಓನರೂ ಕೂತು ಏನು ಮಾಡುವುದೆಂದು ಮಾತಾಡುವಾಗ ಇವರು ಬಾಗಿಲಲ್ಲಿ ನಿಂತೇ ಹೇಳಿದರಂತೆ: “ಬಿಟ್ಟಿ ಸಿಗೋದ್ರ ಎದುರಿಗೆ ರೇಟು ಇಳಿಸಿ ಆಗಲ್ಲ ಸಾರ್. ಮನೇಲಿ ಕೇಳಿಸದೇ ಇರೋದು ಇಲ್ಲಿ ಕೇಳಿಸ್ಬೇಕು.” ಅವರ ಮಾತು ನಂಬಿ ಓನರು ಎರಡೂ ಗೋಡೆಗೆ ಹೊಸ ಸೌಂಡ್ ಬಾಕ್ಸ್ ಹಾಕಿಸಿದರು.

ಬಾಕ್ಸ್ ಹಾಕಿದ ಮೇಲಿನ ಮೊದಲ ಶುಕ್ರವಾರ. ಬೇರೆ ಕಡೆ ಒಂದು ವಾರ ಓಡಿ ನಮ್ಮಲ್ಲಿಗೆ ಬಂದಿದ್ದ ಚಿತ್ರ. ಸೀರೆ ಉಟ್ಟು ಬೀಗ ಹಾಕುತ್ತಿದ್ದೆ. ಮಹಡಿ ಮನೆಯ ಕಾಲೇಜು ಹುಡುಗಿ ಕೂಗಿದಳು.

“ಆಂಟಿ, ಈ ಬಿಸಿಲಲ್ಲಿ ಥಿಯೇಟರ್‌ಗೆ ಹೊರಟ್ರಾ? ಅದೇ ಪಿಕ್ಚರ್ ಡೌನ್‌ಲೋಡ್ ಮಾಡಿದೀನಿ. ಬಂದ್ಬಿಡಿ ಮೇಲೆ.”

“ನಮ್ಮನೆಯವರಿಗೆ ಗೊತ್ತಾದ್ರೆ?”

“ಅಂಕಲ್‌ಗೆ ನಾನ್ಯಾಕ್ ಹೇಳ್ಲಿ!”

ಹೋದೆ. ಅವಳ ಅಮ್ಮ ಕೋಡುಬಳೆ ಕೊಟ್ಟರು. ಕಂಪ್ಯೂಟರಿನಲ್ಲಿ ಚಿತ್ರ ಮಂಕಾಗಿತ್ತು, ಯಾರೋ ಕೆಮ್ಮುತ್ತಿದ್ದುದೂ ಕೇಳಿಸುತ್ತಿತ್ತು. ನಾನು ನಕ್ಕುಕೊಂಡೇ ನೋಡಿದೆ.

ಸಂಜೆ ಕೇಳಿದರು. “ಏನೇ, ಸೌಂಡ್ ಹೆಂಗಿತ್ತು?”

“ಚೆನ್ನಾಗಿತ್ತು ರೀ.”

“ಆ ಮಳೆ ಸೀನು? ಕಿವಿ ಪಕ್ಕಾನೇ ಸುರಿದ ಹಾಗೆ ಕೇಳಿಸ್ತಾ?”

“ಹೂಂ. ನೆನೆದುಬಿಟ್ನೇನೋ ಅಂತ ತಲೆ ಮುಟ್ಟಿ ನೋಡ್ಕೊಂಡೆ!”

ಅಷ್ಟು ಹೇಳುವ ಅಗತ್ಯ ಇರಲಿಲ್ಲ. ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಲೋಟ ಕೆಳಗಿಟ್ಟು ಅದನ್ನೇ ಇನ್ನೊಂದು ಸಲ ಹೇಳಿಸಿದರು.

ಸೋಮವಾರ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳಿದರು. “ಶುಕ್ರವಾರ ಎಲ್ಲಿ ಕೂತಿದ್ದೆ?”

“ಅದೇ ಸೀಟಲ್ಲಿ.”

“ಆ ಗೋಡೆ ಬಾಕ್ಸ್‌ಗಳಿಗೆ ವೈರೇ ಕೊಟ್ಟಿರ್ಲಿಲ್ಲ ಕಣೇ.”

ಕಾಫಿ ಕುಡಿದು ಲೋಟವನ್ನು ತಾವೇ ತೊಳೆದಿಟ್ಟರು. ಮುಂದಿನ ಹೊಸ ಚಿತ್ರಕ್ಕೆ ನಾನಾಗಿಯೇ ಹೋಗಿ ಆ ಸೀಟಿನಲ್ಲಿ ಕೂತು, ಒಂದೊಂದು ಸದ್ದನ್ನೂ ಗಮನವಿಟ್ಟು ಕೇಳಿಸಿಕೊಂಡು ಬಂದೆ. ಸಂಜೆ ಅವರು ಪೇಪರ್ ಓದಿದರು. ಕೇಳಲಿಲ್ಲ. ಆಮೇಲೂ ಎಂದೂ ಕೇಳಲಿಲ್ಲ.

ಅವರ ವೈಕುಂಠ ಸಮಾರಾಧನೆಗೆ ಥಿಯೇಟರಿನ ಕ್ಯಾಂಟೀನಿನವರು ಬಂದಿದ್ದರು. ಊಟಕ್ಕೆ ಕೂತು ಹಳೆಯದನ್ನೆಲ್ಲ ನೆನೆಸಿಕೊಂಡರು. ಹೊಸ ಬಾಕ್ಸ್ ಹಾಕಿದ ಆ ಶುಕ್ರವಾರದಿಂದ ಮೂರು ದಿನವೂ ಜನ ಒಂದು ಕಡೆ ಕೇಳಿಸುತ್ತಿಲ್ಲ ಎಂದು ದೂರಿದ್ದರಂತೆ. ಇವರು, “ನಮ್ಮನೆಯವಳೇ ಕೂತು ಕೇಳಿದಾಳೆ, ಸರಿಯಾಗಿದೆ” ಎಂದು ಯಾರನ್ನೂ ಬಾಕ್ಸ್ ಮುಟ್ಟಗೊಡಲಿಲ್ಲವಂತೆ. ಸೋಮವಾರ ಚಿತ್ರ ತೆಗೆದವರೇ ಬಂದು ಕೂತಾಗ ಬಯಲಾಯಿತು. ಎಲ್ಲರೆದುರು ಓನರು, “ಮೊದಲು ನಿಮ್ಮನೆಯವರ ಕಿವಿ ಡಾಕ್ಟರ್‌ಗೆ ತೋರಿಸಿ ಸ್ವಾಮಿ” ಎಂದರಂತೆ.

“ಅದಕ್ಕೆ ಇವರು ಏನಂದ್ರು?”

“‘ಅವಳ ತಪ್ಪಲ್ಲ ಸಾರ್, ಮೈ ಸುಡ್ತಿತ್ತು, ನಾನೇ ಬಲವಂತ ಮಾಡಿ ಕರೆಸಿದ್ದೆ’ ಅಂದ್ರಮ್ಮ.” ಅವರು ಎಲೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು. “ಜ್ವರ ಇಟ್ಕೊಂಡು ಬಂದು ಮೂರು ಗಂಟೆ ಕೂತಿದ್ರಲ್ಲ ತಾಯಿ ನೀವು.”

ವಡೆಯ ಪಾತ್ರೆ ನನ್ನ ಕೈಯಲ್ಲಿತ್ತು. ಅವರ ಎಲೆಗೆ ಇನ್ನೊಂದು ಬಡಿಸಿ, “ಹೂಂ” ಎಂದೆ.